ಎಡೆಗಿಟ್ಟ ಕೋಟಿನ ಅಳತೆ

ನಾನು ನಿಂತಿದ್ದದ್ದು ನಡುಮನೆಯ ಬಾಗಿಲಿನ ಎಡಕ್ಕೆ, ಜಗಲಿಯ ಎರಡನೇ ಕಂಬದ ಪಕ್ಕ. ಬೆನ್ನು ಕಂಬಕ್ಕೆ ತಾಗಿತ್ತು. ಅರವತ್ತಾರನೇ ಇಸವಿಯ ಮಹಾಲಯ ಅಮಾವಾಸ್ಯೆ, ಮಧ್ಯಾಹ್ನ ಊಟದ ಹೊತ್ತು. ಊರು ಹೊಸನಗರ. ಬಿಸಿಲು ಅಂಗಳ ದಾಟಿ ಜಗಲಿಯ ಅಂಚಿಗೆ ಬಂದಿತ್ತು. ಇದನ್ನೆಲ್ಲ ಮೊದಲೇ ಹೇಳುವುದಕ್ಕೆ ಕಾರಣವಿದೆ. ಅಲ್ಲಿ ನಡೆದದ್ದನ್ನು ಆಮೇಲೆ ಸಾಗರದಲ್ಲಿ ಒಂದು ರೀತಿ ಹೇಳಿದರು, ತೀರ್ಥಹಳ್ಳಿಯಲ್ಲಿ ಇನ್ನೊಂದು ರೀತಿ ಹೇಳಿದರು. ತೀರ್ಥಹಳ್ಳಿಯ ಕತೆಯಲ್ಲಿ ನಾನು ಮೂರ್ಛೆ ಹೋಗಿ ಬಿದ್ದೆ ಎಂದಿದೆ. ನಾನು ಬೀಳಲಿಲ್ಲ. ಕಂಬ ಇತ್ತು.

ಮೊದಲು ಸತ್ತವನ ವಿಷಯ ಹೇಳಬೇಕು. ಅವನು ನಮ್ಮ ಬ್ಯಾಂಡ್ ಸೆಟ್ಟಿನಲ್ಲಿ ಕ್ಲಾರಿನೆಟ್ ಊದುತ್ತಿದ್ದ. ನಾನು ಸಣ್ಣ ಡ್ರಮ್ ಬಾರಿಸುತ್ತಿದ್ದೆ. ಟ್ರಂಪೆಟ್ ಊದುವವರು ನಮ್ಮ ಮೇಸ್ತ್ರಿ. ಮದುವೆ ದಿಬ್ಬಣಗಳಿಗೆ ನಗರ ಎಂಬ ಊರಿನಿಂದ ಹಿಡಿದು ಮೇಗರವಳ್ಳಿಯವರೆಗೆ ಹೋಗುತ್ತಿದ್ದೆವು. ಅವನು ಕಣ್ಣುಮುಚ್ಚಿ ಊದಲು ಶುರುಮಾಡಿದರೆ ದಿಬ್ಬಣ ರಸ್ತೆಯಲ್ಲೇ ನಿಂತುಬಿಡುತ್ತಿತ್ತು. ಮುಹೂರ್ತ ಮೀರುತ್ತದೆ ಎಂದು ಪುರೋಹಿತರು ಅವನನ್ನು ಬೈಯುವುದು, ಅವನು ಕಣ್ಣು ತೆರೆದು ತಪ್ಪಾಯಿತು ಎನ್ನುವುದು, ಮುಂದಿನ ತಿರುವಿನಲ್ಲಿ ಮತ್ತೆ ಕಣ್ಣು ಮುಚ್ಚುವುದು. ಅರವತ್ತೊಂದರಲ್ಲಿ, ಇಪ್ಪತ್ತನಾಲ್ಕರ ವಯಸ್ಸಿಗೆ, ವಿಷಮಶೀತ ಜ್ವರ ಬಂದು ಹೋಗಿಬಿಟ್ಟ. ತಂದೆ ಮೊದಲೇ ಇರಲಿಲ್ಲ. ಮನೆಯಲ್ಲಿ ಉಳಿದವರು ತಾಯಿ ಮತ್ತು ಅವನಿಗಿಂತ ಮೂರು ವರ್ಷಕ್ಕೆ ಚಿಕ್ಕವನಾದ ತಮ್ಮ. ತಾಯಿಯನ್ನು ಬ್ಯಾಂಡಿನವರೆಲ್ಲ ದೊಡ್ಡಮ್ಮ ಎನ್ನುತ್ತಿದ್ದೆವು.

ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವ ಮನೆ ಅದು. ಸತ್ತವರಿಗೆ ಏನೇನು ಇಷ್ಟವಿತ್ತೋ ಅದನ್ನೆಲ್ಲ ಬಾಳೆಲೆಗೆ ಬಡಿಸಿ, ಪಕ್ಕದಲ್ಲಿ ಹೊಸ ಬಟ್ಟೆ ಇಟ್ಟು, ಎಲ್ಲರೂ ಹೊರಗೆ ಬಂದು ಕದ ಮುಚ್ಚಬೇಕು. ಆ ಹೊತ್ತಿನಲ್ಲಿ ಹಿರಿಯರು ಬಂದು ಉಣ್ಣುತ್ತಾರೆ, ಬಟ್ಟೆ ತೊಟ್ಟು ನೋಡುತ್ತಾರೆ. ಆಮೇಲೆ ಮನೆಯ ಯಜಮಾನರು ಹೊರಗಿನಿಂದ ಒಮ್ಮೆ ಕೆಮ್ಮಿ, ಒಳಗಿದ್ದವರಿಗೆ ಹೋಗಲು ಅವಕಾಶ ಕೊಟ್ಟು, ಕದ ತೆಗೆಯುತ್ತಾರೆ. ಎಡೆಯ ಅಡುಗೆ ಬಂದ ನೆಂಟರಿಗೆ, ಬಟ್ಟೆ ಮನೆಯ ಗಂಡಸಿಗೆ. ಅಲ್ಲಿ ಉಳಿದಿದ್ದ ಗಂಡಸು ತಮ್ಮನೊಬ್ಬನೇ.

ಮಗ ತೀರಿಕೊಂಡ ಮರುವರ್ಷ ದೊಡ್ಡಮ್ಮ ಎಡೆಗೆ ಒಂದು ಬಿಳಿ ಅಂಗಿ ಹೊಲಿಸಿದರು. ಬಸ್ ಸ್ಟ್ಯಾಂಡಿನ ಪಕ್ಕದ ದರ್ಜಿ ಹಳೆಯ ಅಳತೆಗೇ ಹೊಲಿದುಕೊಟ್ಟರು. ಎಲೆಯ ಇನ್ನೊಂದು ಪಕ್ಕಕ್ಕೆ ಕ್ಲಾರಿನೆಟ್ ಇಟ್ಟಿದ್ದರು. ವರ್ಷಕ್ಕೆ ಆ ಒಂದು ದಿನ ಅದು ಟ್ರಂಕಿನಿಂದ ಹೊರಗೆ ಬರುತ್ತಿತ್ತು. ಉಳಿದ ದಿನ ಟ್ರಂಕಿಗೆ ಬೀಗ, ಬೀಗದ ಕೈ ದೊಡ್ಡಮ್ಮನ ಸೊಂಟದಲ್ಲಿ.

ಎರಡನೇ ವರ್ಷ ಬಟ್ಟೆ ಕೊಡಲು ಅವರು ಹೋದಾಗ ನಾನೂ ಮೇಸ್ತ್ರಿಯೂ ದರ್ಜಿ ಅಂಗಡಿಯ ಬೆಂಚಿನ ಮೇಲೆ ಕೂತಿದ್ದೆವು. ದರ್ಜಿ ಕೇಳಿದರು, "ಅಕ್ಕಾ, ಅಳತೆ ಹಳೇದೇ ಇಡ್ಲಾ?"

ಅವರಿಗೆ ಕೆಟ್ಟ ಉದ್ದೇಶವಿರಲಿಲ್ಲ. ಅಷ್ಟು ಹಳೆಯ ಅಳತೆಗೆ ಅವರು ಯಾರಿಗೂ ಬಟ್ಟೆ ಕತ್ತರಿಸಿದವರಲ್ಲ. ದೊಡ್ಡಮ್ಮ ಮಾತ್ರ ಯೋಚನೆಗೆ ಬಿದ್ದರು.

"ಆಗ ಅವ್ನು ಕಡ್ಡಿ ಥರ ಇದ್ದ. ಈಗ ಎಷ್ಟಾಗಿರ್ತಾನೆ?"

ದರ್ಜಿ ಟೇಪನ್ನು ಕೊರಳಿಗೆ ಹಾಕಿಕೊಂಡರು. "ಬಿಗಿ ಅಂಗಿ ಇಟ್ರೆ ತೊಡೋಕಾಗ್ದೆ ಹಂಗೇ ವಾಪಸ್ ಹೋಗ್ತಾನೆ ಅಷ್ಟೇ," ಎಂದರು ಅವರು.

ಮೇಸ್ತ್ರಿ ಗಂಟಲು ಸರಿಮಾಡಿಕೊಂಡರು. "ಎರಡು ಸೀಸನ್ ಮದುವೆ ಊಟ ಆಗಿರ್ತಿತ್ತು ದೊಡ್ಡಮ್ಮ. ನನ್ನೇ ನೋಡಿ."

ಎಲ್ಲರೂ ಮೇಸ್ತ್ರಿಯ ಹೊಟ್ಟೆ ನೋಡಿದೆವು.

"ನಿನ್ನಷ್ಟು ಬ್ಯಾಡ," ಎಂದರು ದೊಡ್ಡಮ್ಮ. ದರ್ಜಿಯ ಕಡೆ ತಿರುಗಿ, "ಒಂದಿಂಚು ಬಿಡು."

ಶುರುವಾದದ್ದು ಹೀಗೆ. ಅಂಗಿಯ ಅಳತೆ ತಿಳಿಯಬೇಕಾದರೆ ಹೊಟ್ಟೆ ಎಷ್ಟೆಂದು ತಿಳಿಯಬೇಕು, ಹೊಟ್ಟೆ ತಿಳಿಯಬೇಕಾದರೆ ಅವನೀಗ ಎಲ್ಲಿ, ಏನು ಮಾಡಿಕೊಂಡಿದ್ದಾನೆಂದು ತಿಳಿಯಬೇಕು. ಮಹಾಲಯ ಹತ್ತಿರ ಬಂತೆಂದರೆ ದರ್ಜಿ ಅಂಗಡಿಯಲ್ಲಿ ಸಭೆ ಸೇರುತ್ತಿತ್ತು. ಸತ್ತವನು ಹಿಂದಿನ ವರ್ಷ ಎಲ್ಲಿಗೆ ಮುಟ್ಟಿದ್ದ, ಈ ವರ್ಷ ಎಲ್ಲಿಗೆ ಹೋಗಬೇಕು ಎಂದು ಚರ್ಚೆ. ನಾವು ತಮಾಷೆಗೆ ಮಾಡುತ್ತಿದ್ದೆವು ಎಂದು ಈಗ ಯಾರಾದರೂ ತಿಳಿದರೆ ಅದು ತಪ್ಪು. ಅಷ್ಟು ಗಂಭೀರವಾಗಿ ನಾವು ನಮ್ಮ ಸ್ವಂತ ಬದುಕಿನ ಬಗ್ಗೆ ಯಾವತ್ತೂ ಕೂತು ಮಾತಾಡಿದವರಲ್ಲ.

ಮೂರನೇ ವರ್ಷ ಅವನಿಗೆ ಧಾರವಾಡದ ರೇಡಿಯೋದಲ್ಲಿ ಕೆಲಸವಾಯಿತು. ಸೂಚನೆ ನನ್ನದು. ದೊಡ್ಡಮ್ಮ ಒಪ್ಪಿದರು, ಆದರೆ ಒಂದು ಪ್ರಶ್ನೆ ಹಾಕಿದರು. "ರೇಡಿಯೋದಲ್ಲಿ ಕೂತು ಊದ್ತಾರಾ, ನಿಂತು ಊದ್ತಾರಾ?"

ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಇದು ಸಣ್ಣ ಪ್ರಶ್ನೆಯಲ್ಲ. ನಿಂತು ಊದುವವನಿಗೆ ಹೊಟ್ಟೆ ಬರುವುದಿಲ್ಲ, ಕೂತವನಿಗೆ ಬರುತ್ತದೆ. ಎದುರಿನ ಹೋಟೆಲಿನಲ್ಲಿ ರೇಡಿಯೋ ಇತ್ತು. ನಾಲ್ವರೂ ಹೋಗಿ ಅದರ ಮುಂದೆ ಕೂತು ಕೇಳಿದೆವು. ಹೋಟೆಲಿನವರು ಕಾಫಿ ತಂದಿಟ್ಟು, "ಎಂತ ಹುಡುಕ್ತಿದೀರಿ ಮಾರಾಯ್ರೇ? ಒಳಗೆ ಯಾರೂ ಇಲ್ಲ, ನಾನು ಬಿಚ್ಚಿ ನೋಡಿದೀನಿ," ಎಂದರು. ದೊಡ್ಡಮ್ಮ ಅವರಿಗೆ ಸುಮ್ಮನಿರಲು ಕೈಸನ್ನೆ ಮಾಡಿದರು. ಹಾಡು ಮುಗಿಯಿತು. "ಇಷ್ಟು ಸಮಾಧಾನವಾಗಿ ನುಡಿಸ್ತಾರೆ ಅಂದ್ರೆ ಕೂತೇ ಇರ್ಬೇಕು," ಎಂದು ತೀರ್ಮಾನಿಸಿದರು. ದರ್ಜಿ ಇನ್ನೂ ಎರಡಿಂಚು ಬಿಟ್ಟರು.

ನಾಲ್ಕನೇ ವರ್ಷ ಮೈಸೂರಿನ ದಸರಾ. ಅರಮನೆಯ ಮುಂದೆ ಕಚೇರಿ. ಇಲ್ಲಿ ಒಂದು ಜಗಳವಾಯಿತು. ಮೈಸೂರಿನಲ್ಲಿ ಕಡುಬು, ಕೋಳಿಸಾರು ಸಿಗುವುದಿಲ್ಲ, ಹುಡುಗ ಇಳಿದುಹೋಗಿರುತ್ತಾನೆ, ಅಂಗಿ ಸಣ್ಣದು ಮಾಡಿ ಎಂದು ದೊಡ್ಡಮ್ಮ ಹಟ ಹಿಡಿದರು. ದರ್ಜಿ, "ಅಲ್ಲಿ ತುಪ್ಪದಲ್ಲಿ ಮುಳುಗ್ಸಿದ ಸಿಹಿ ಸಿಗುತ್ತೆ ಅಕ್ಕಾ, ಕಡುಬಿಗಿಂತ ಬೇಗ ಹತ್ತುತ್ತೆ," ಎಂದು ಸಮಾಧಾನ ಮಾಡಿದರು. ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಮೇಸ್ತ್ರಿ ಉತ್ಸಾಹದಲ್ಲಿ, ಅಲ್ಲೇ ಒಬ್ಬ ಹಾಡುಗಾರ್ತಿ ಹುಡುಗಿಯನ್ನು ನೋಡಿ ಅವನಿಗೆ ಮದುವೆಯನ್ನೂ ಮಾಡಿಬಿಟ್ಟರು.

ದೊಡ್ಡಮ್ಮ ಎದ್ದು ನಿಂತರು. "ನನ್ನ ಒಂದು ಮಾತು ಕೇಳ್ದೆ ನನ್ನ ಮಗನಿಗೆ ಮದುವೆ ಮಾಡೋಕೆ ನೀನ್ಯಾವನೋ?"

"ಅಲ್ಲ ದೊಡ್ಡಮ್ಮ, ಹುಡುಗಿ ಒಳ್ಳೆಯವ್ಳು..."

"ಒಳ್ಳೆಯವ್ಳಾದ್ರೆ ನೀನೇ ಆಗು."

ದೀಪಾವಳಿಯವರೆಗೆ ಅವರು ಮೇಸ್ತ್ರಿಯ ಜೊತೆ ಮಾತು ಬಿಟ್ಟರು. ಕೊನೆಗೆ ಮೇಸ್ತ್ರಿ ಮನೆಗೇ ಹೋಗಿ, ಜಾತಕ ಕೂಡಿಬರಲಿಲ್ಲ, ಸಂಬಂಧ ಮುರಿದುಬಿತ್ತು ಎಂದು ವರದಿ ಒಪ್ಪಿಸಬೇಕಾಯಿತು. "ನಂಗೆ ಮೊದ್ಲೇ ಗೊತ್ತಿತ್ತು," ಎಂದು ದೊಡ್ಡಮ್ಮ ಕಾಫಿ ಕೊಟ್ಟರಂತೆ.

ಈ ಎಲ್ಲ ಏಳಿಗೆಯನ್ನು ಮೈಮೇಲೆ ಹೊತ್ತವನು ತಮ್ಮ. ಅವನು ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದ, ಅಣ್ಣನಿಗಿಂತಲೂ ಸಪೂರ, ತೆಳ್ಳಗಿನ ಮೈ. ಎಡೆಯ ಅಂಗಿ ಅವನೇ ತೊಡಬೇಕು. ವರ್ಷ ವರ್ಷ ಅಂಗಿ ಹಿಗ್ಗುತ್ತಿತ್ತು, ಅವನು ಇದ್ದಷ್ಟೇ ಇದ್ದ. ಗಿರಣಿಯವರು ಬಾಗಿಲಲ್ಲೇ ಕೇಳುತ್ತಿದ್ದರು, "ಏನಾ, ಅಂಗಿ ಒಂದೇ ಬಂತು? ನೀನು ಮುಂದಿನ ಬಸ್ಸಿಗೆ ಬರ್ತೀಯಾ?"

ಅವನಿಗೆ ಅಂಗಿಯ ಬಗ್ಗೆ ಬೇಸರವಿರಲಿಲ್ಲ. ಅವನಿಗೆ ಬೇಕಾಗಿದ್ದದ್ದು ಕ್ಲಾರಿನೆಟ್. ಗಿರಣಿಯಲ್ಲಿ ಪೊರಕೆಯ ಹಿಡಿಯ ಮೇಲೆ ಬೆರಳಾಡಿಸಿಕೊಂಡು ನಿಲ್ಲುವುದನ್ನು ನಾನೇ ನೋಡಿದ್ದೇನೆ. ಬ್ಯಾಂಡಿಗೂ ಅವನು ಬೇಕಾಗಿದ್ದ. ಬರೀ ಟ್ರಂಪೆಟ್ಟು, ಡ್ರಮ್ಮು ಕೇಳಿದರೆ ಮದುವೆಯೋ ಪೋಲೀಸರ ಕವಾಯತೋ ತಿಳಿಯದೆ, ಒಂದೊಂದೇ ಮನೆಯವರು ತೀರ್ಥಹಳ್ಳಿಯ ಸೆಟ್ಟಿಗೆ ಹೇಳತೊಡಗಿದ್ದರು. ಆದರೆ ಅವನು ಯಾವಾಗ ಬಾಯಿಬಿಟ್ಟರೂ ತಾಯಿಯ ಉತ್ತರ ಒಂದೇ. "ಅದು ಅವನಿಗೆ ಬೇಕಲ್ಲ. ರೇಡಿಯೋದಲ್ಲಿ ಬರಿಗೈಲಿ ಕೂರ್ತಾನಾ?"

ಐದನೇ ವರ್ಷ ಮಹಾಲಯಕ್ಕೆ ಮುಂಚೆ ಅವನು ದರ್ಜಿ ಅಂಗಡಿಗೆ ಬಂದು ನಮ್ಮ ಮುಂದೆ ನಿಂತ. ಮೈಮೇಲೆ ದಸರಾ ಕಚೇರಿಯ ಅಂಗಿ.

"ಅಣ್ಣನನ್ನ ಇಷ್ಟು ದೊಡ್ಡವನನ್ನಾಗಿ ಮಾಡಿದ್ದು ನೀವು. ಈಗ ಅವನ ಕೈಯಿಂದ ಅದನ್ನ ಬಿಡಿಸೋದೂ ನೀವೇ. ಇಲ್ದಿದ್ರೆ ನಾನು ಸಾಯೋ ತನಕ ಪೊರಕೆನೇ ಊದ್ತಿರ್ಬೇಕು."

ನ್ಯಾಯವಾದ ಮಾತು. ನಾವು ಉಪಾಯ ಹೂಡಿದೆವು. ದೊಡ್ಡಮ್ಮ ಬಂದಾಗ ಮೇಸ್ತ್ರಿ ಮಾತು ತೆಗೆದರು. ಈ ವರ್ಷ ಮದರಾಸಿನ ಸಿನಿಮಾದವರು ಅವನನ್ನು ಕರೆಸಿಕೊಂಡಿದ್ದಾರೆ, ಸಂಗೀತ ನಿರ್ದೇಶಕನಾಗಿದ್ದಾನೆ, ಇನ್ನು ಅವನು ಊದುವ ಹಾಗೇ ಇಲ್ಲ. ಉಳಿದವರು ನುಡಿಸುತ್ತಾರೆ, ಅವನು ಮುಂದೆ ನಿಂತು ಒಂದು ಕೋಲು ಆಡಿಸಿದರೆ ಸಾಕು.

ದೊಡ್ಡಮ್ಮ ಮೇಸ್ತ್ರಿಯ ಕಡೆ ತಿರುಗಿದರು. "ಅಷ್ಟು ವರ್ಷ ಕಲ್ತು, ಕ್ಲಾರಿನೆಟ್ ಬಿಟ್ಟು ಕೋಲು ಹಿಡಿದ್ನಾ? ದನ ಕಾಯೋಕೆ ಮದರಾಸಿಗೆ ಯಾಕೆ ಹೋಗ್ಬೇಕಿತ್ತು?"

ನಾನು ಇನ್ನೊಂದು ದಾರಿ ಹಿಡಿದೆ. ಬೊಂಬಾಯಿಯಿಂದ ಬೆಳ್ಳಿ ಕೀಲಿಗಳ ಹೊಸ ಕ್ಲಾರಿನೆಟ್ ತರಿಸಿಕೊಂಡಿದ್ದಾನೆ ಎಂದೆ.

"ಹೊಸದು ಬಂದ್ರೆ ಹಳೇದನ್ನ ಬಿಡ್ತಾನೆ ಅಂತ ಎಂತ? ಅವ್ನು ಹರಿದ ಚಪ್ಪಲಿನೂ ಬಿಟ್ಟವನಲ್ಲ."

ಸಿನಿಮಾದವರು ಕೋಟು ಹಾಕುತ್ತಾರೆ ಎಂದು ದರ್ಜಿ ನಡುವೆ ಒಂದು ಮಾತು ಸೇರಿಸಿದ್ದರು. ಅದೊಂದು ಮಾತ್ರ ದೊಡ್ಡಮ್ಮನಿಗೆ ಹಿಡಿಸಿತು. ಹೊರಡುವಾಗ ಹೇಳಿದರು, "ಕೋಟು ಹೊಲಿ. ಕ್ಲಾರಿನೆಟ್ ಇದ್ದಲ್ಲೇ ಇರ್ಲಿ." ಸಿನಿಮಾದ ಊಟಕ್ಕೆಂದು ಕೋಟಿನ ಹೊಟ್ಟೆಗೆ ಧಾರಾಳವಾಗಿ ಬಟ್ಟೆ ಬಿಡಲಾಯಿತು. ಕಪ್ಪು ಕೋಟು. ದರ್ಜಿ ಅದಕ್ಕಿಂತ ಚೆನ್ನಾಗಿ ಏನನ್ನೂ ಹೊಲಿದದ್ದು ನಾನು ನೋಡಿಲ್ಲ.

ಅಮಾವಾಸ್ಯೆಯ ದಿನ ಜಗಲಿಯಲ್ಲಿದ್ದವರು ದೊಡ್ಡಮ್ಮ, ತೀರ್ಥಹಳ್ಳಿಯಿಂದ ಬಂದಿದ್ದ ಅವರ ತಂಗಿ, ದರ್ಜಿ, ಮೇಸ್ತ್ರಿ ಮತ್ತು ನಾನು. ಕದ ಮುಚ್ಚುವ ಕೆಲಸ ಪ್ರತಿವರ್ಷ ತಮ್ಮನದು. ಒಳಗಿನಿಂದ ಎಳೆದುಕೊಂಡು, ಅಡುಗೆಮನೆಯ ಬಾಗಿಲಲ್ಲಿ ಹೊರಬಿದ್ದು, ಮನೆ ಸುತ್ತಿ ಜಗಲಿಗೆ ಬರುತ್ತಿದ್ದ. ಆ ವರ್ಷವೂ ಕದ ಮುಚ್ಚಿತು. ಅವನು ಬರಲಿಲ್ಲ. ಬಾವಿಕಟ್ಟೆಯಲ್ಲಿ ಕೈ ತೊಳೆಯುತ್ತಿದ್ದಾನೆ ಎಂದುಕೊಂಡೆವು. ಅಷ್ಟು ಹೊತ್ತು ಯಾರೂ ಮಾತಾಡುವ ಹಾಗಿಲ್ಲ. ಒಳಗಿನಿಂದ ಕೋಳಿಸಾರಿನ ಪರಿಮಳ ಬರುತ್ತಿತ್ತು.

ಮೊದಲು ಕೇಳಿದ್ದು ಗಾಳಿಯ ಸದ್ದು. ಬುಸ್ ಎಂದು, ಸ್ವರವಿಲ್ಲದೆ. ಆಮೇಲೆ ಬಾಗಿಲಿಗೆ ಬಾಲ ಸಿಕ್ಕಿಕೊಂಡ ಬೆಕ್ಕಿನಂತೆ ಒಂದು ಕೂಗು. ಕೂಗು ನಿಂತು, ಉಸಿರೆಳೆದುಕೊಂಡ ಸದ್ದು. ಮತ್ತೆ ಅದೇ ಬೆಕ್ಕು. ಅದು ಕ್ಲಾರಿನೆಟ್ ಎಂಬುದರಲ್ಲಿ ಅನುಮಾನವಿರಲಿಲ್ಲ.

ತಂಗಿ ದೊಡ್ಡಮ್ಮನ ತೋಳು ಹಿಡಿದುಕೊಂಡರು. "ಅಕ್ಕಾ, ಬಂದ! ಬಂದ ಕಣೇ!"

ದರ್ಜಿ ಕೈ ಮುಗಿದು ನಿಂತರು. ಬಹಳ ಮೆಲ್ಲಗೆ, "ಕೋಟು ಸರಿಯಾಯ್ತಾ ಕೇಳಿ," ಎಂದರು.

ನಾನು ಬೆನ್ನನ್ನು ಕಂಬಕ್ಕೆ ಒತ್ತಿ ನಿಂತೆ. ಮೇಸ್ತ್ರಿಯ ಬಾಯಿ ಟ್ರಂಪೆಟ್ ಇಲ್ಲದೆಯೇ ಊದುವ ಆಕಾರಕ್ಕೆ ಬಂದಿತ್ತು. ದೊಡ್ಡಮ್ಮ ಮಾತ್ರ ತಲೆ ಒಂದು ಕಡೆಗೆ ವಾಲಿಸಿ, ಹೋಟೆಲಿನ ರೇಡಿಯೋ ಕೇಳಿದಷ್ಟೇ ಗಮನವಿಟ್ಟು ಕೇಳುತ್ತಿದ್ದರು.

"ಇದು ಅವನಲ್ಲ," ಎಂದರು.

"ಮತ್ಯಾರೇ?" ಎಂದರು ತಂಗಿ.

"ಯಾರೋ. ರೇಡಿಯೋದಲ್ಲಿದ್ದವ್ನು, ಅರಮನೆ ಮುಂದೆ ಊದಿದವ್ನು, ಹಿಂಗೆ ಊದ್ತಾನಾ? ನಾಚಿಕೆ ಆಗಲ್ವಾ?"

ಆಗ ಮೇಸ್ತ್ರಿಗೆ ಬ್ಯಾಂಡಿನವರ ಬುದ್ಧಿ ಎಚ್ಚರವಾಯಿತು. ವಾದ್ಯದ ಮರ್ಯಾದೆ ಕಾಯುವುದಕ್ಕಾಗಿ ಹೇಳಿದರು. "ಹಂಗಲ್ಲ ದೊಡ್ಡಮ್ಮ. ಬಾಯಿಗಿಡೋ ಕಡೆ ಒಂದು ತೆಳು ರೀಡು ಇರುತ್ತೆ. ಅದು ಒಣಗಿ ಸೆಟೆದುಹೋಗಿದೆ. ಐದು ವರ್ಷ ಯಾರೂ ಊದಿಲ್ವಲ್ಲ. ಈಗ ಯಾರು ಬಾಯಿಗಿಟ್ರೂ ಹಿಂಗೇ ಬರೋದು."

ಹೇಳಿ ಮುಗಿದ ಮೇಲೆ ತಾವು ಏನು ಹೇಳಿದೆವೆಂದು ಅವರಿಗೆ ತಿಳಿಯಿತು. ನಮಗೂ ತಿಳಿಯಿತು. ಒಳಗೂ ಸದ್ದು ನಿಂತಿತ್ತು.

ದೊಡ್ಡಮ್ಮ ಬಾಗಿಲಿನ ಕಡೆ ನೋಡುತ್ತಲೇ ಇದ್ದರು. "ಐದು ವರ್ಷ ಯಾರೂ ಊದಿಲ್ಲ," ಎಂದು ಅದನ್ನೇ ಒಮ್ಮೆ ಹೇಳಿಕೊಂಡರು. ಆಮೇಲೆ ಕೆಮ್ಮದೆ, ಎರಡೂ ಕೈಯಿಂದ ಕದ ತಳ್ಳಿದರು.

ಈಗ ನಾನು ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ. ಒಳಗೆ ಕತ್ತಲು, ಒಂದು ದೀಪ. ದೀಪದ ಹಿಂದೆ ಅವನು ನಿಂತಿದ್ದ. ಸತ್ತವನು. ಕಪ್ಪು ಕೋಟು ಭುಜದಿಂದ ತೊಡೆಯವರೆಗೆ ತುಂಬಿ ನಿಂತಿತ್ತು. ನಾವು ದರ್ಜಿ ಅಂಗಡಿಯಲ್ಲಿ ಕೂತು ಇಂಚಿಂಚಾಗಿ ಬೆಳೆಸಿದ ಹೊಟ್ಟೆ, ಮದುವೆ ಊಟದ್ದು, ರೇಡಿಯೋದ್ದು, ಮೈಸೂರಿನದು, ಎಲ್ಲ ಸೇರಿ ಗುಂಡಗೆ ಮುಂದೆ ಬಂದಿತ್ತು. ಅದರ ಮೇಲೆ ಕ್ಲಾರಿನೆಟ್ ಒರಗಿತ್ತು. ಕಣ್ಣು ಮುಚ್ಚಿತ್ತು. ಅವನು ಬದುಕಿದ್ದರೆ ಹೀಗಿರುತ್ತಿದ್ದ ಎಂದು ನನಗೆ ಅನ್ನಿಸಲಿಲ್ಲ. ಇವನು ಬದುಕಿದ್ದಾನೆ, ಚೆನ್ನಾಗಿದ್ದಾನೆ, ನಾವೇ ಐದು ವರ್ಷ ಏನೋ ತಪ್ಪು ತಿಳಿದಿದ್ದೆವು ಎಂದು ಅನ್ನಿಸಿತು. ಎಷ್ಟು ಹೊತ್ತು ಹಾಗೆ ಅನ್ನಿಸಿತೋ ಹೇಳಲಾರೆ. ಈ ವಯಸ್ಸಿನಲ್ಲೂ ಅದನ್ನು ನೆನೆದರೆ ಕೈಯಲ್ಲಿರುವುದನ್ನು ಕೆಳಗಿಡುತ್ತೇನೆ.

ಆಮೇಲೆ ಹೊಟ್ಟೆ ಜಾರಿತು. ಮೊದಲು ಎಡಕ್ಕೆ ಸರಿಯಿತು, ಆಮೇಲೆ ಕೆಳಗಿಳಿಯಿತು, ಕೊನೆಗೆ ಕೋಟಿನ ಅಂಚಿನಿಂದ ನೆಲಕ್ಕೆ ಬಿತ್ತು. ದಿಂಬು. ಕೋಟು ಜೋತುಬಿತ್ತು, ಅದರೊಳಗೆ ಸಪೂರ ತಮ್ಮ ಉಳಿದ.

"ಎಡೆ ಮುಟ್ಟಿದ್ಯನಾ?" ಎಂದು ದೊಡ್ಡಮ್ಮ ಮೊದಲು ಕೇಳಿದರು.

"ಇಲ್ಲಮ್ಮ. ಇದೊಂದೇ."

"ದಿಂಬು ಎಂತಕ್ಕೆ?"

"ಕೋಟು ಜೋತುಬಿದ್ದು ಕೀಲಿಗೆ ಅಡ್ಡ ಬರ್ತಿತ್ತು."

"ಕೋಟು ಎಂತಕ್ಕೆ?"

ಅವನು ತಲೆ ತಗ್ಗಿಸಿದ. "ಅಣ್ಣನ ಕೋಟು ಹಾಕ್ಕೊಂಡು ಊದಿದ್ರೆ ಅಣ್ಣನೇ ಊದಿದ ಹಂಗಾಗುತ್ತೆ, ನೀನು ಬೈಯೋಲ್ಲ ಅಂತ."

ತೀರ್ಥಹಳ್ಳಿಯ ತಂಗಿಗೆ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗೆ ಹಿಡಿದು ಕಂಬಕ್ಕೆ ಒರಗಿದರು. ಮೇಸ್ತ್ರಿ ನಕ್ಕರು, ನಾನೂ ನಕ್ಕೆ, ಕಂಬ ಬಿಡದೆಯೇ ನಕ್ಕೆ. ದೊಡ್ಡಮ್ಮ ಹೋಗಿ ದಿಂಬು ಎತ್ತಿಕೊಂಡು ಧೂಳು ಹೊಡೆದರು. ಅದನ್ನು ತೊಡೆಯ ಮೇಲಿಟ್ಟುಕೊಂಡು ಎಡೆಯ ಮುಂದೆ ಕೂತರು.

"ಅವ್ನು ಸಪೂರ ಇದ್ದ," ಎಂದರು. "ಜ್ವರದಲ್ಲಿ ಇನ್ನೂ ಸಪೂರ ಆದ. ನಾನೊಬ್ಳೇ ಎತ್ತಿ ಕೂರಿಸ್ತಿದ್ದೆ."

ನಮ್ಮ ನಗು ನಿಂತಿತು. ಇಂಥ ಹೊತ್ತಿಗೆ ದರ್ಜಿಯೊಬ್ಬರೇ ಒದಗುತ್ತಿದ್ದವರು. ಅವರು ಮುಂದೆ ಬಂದು ಕೋಟಿನ ಪಕ್ಕದ ಹೊಲಿಗೆ ಹಿಡಿದು ನೋಡಿ, "ಒಳಗೆ ಹಿಡಿದು ಸಣ್ಣ ಮಾಡ್ಲಾ ಅಕ್ಕಾ?" ಎಂದರು.

"ಹಿಡಿ. ಇವನ ಮೈಗೆ ಹಿಡಿ."

ತಮ್ಮ ಕ್ಲಾರಿನೆಟ್ಟನ್ನು ಎಲೆಯ ಪಕ್ಕಕ್ಕೆ ಇಡಲು ಬಾಗಿದ. ದೊಡ್ಡಮ್ಮ ಅವನ ಮಣಿಕಟ್ಟು ಹಿಡಿದರು. ಕ್ಲಾರಿನೆಟ್ಟನ್ನು ಬಿಡಿಸಿಕೊಳ್ಳುತ್ತಾರೆ ಎಂದುಕೊಂಡೆವು. ಅವರು ಮೇಸ್ತ್ರಿಯ ಕಡೆ ತಿರುಗಿದರು.

"ಆ ರೀಡು ಎಲ್ಲಿ ಸಿಗುತ್ತೆ?"

"ಸಾಗರದಲ್ಲಿ ಸಿಗ್ಬೋದು ದೊಡ್ಡಮ್ಮ. ಇಲ್ದಿದ್ರೆ ಶಿವಮೊಗ್ಗದಲ್ಲಿ."

"ನಾಳೆ ಬಸ್ಸಿಗೆ ಇವನನ್ನ ಕರ್ಕೊಂಡು ಹೋಗು. ಇನ್ನು ನೀನೇ ಕಲಿಸು. ಇಷ್ಟು ಕೆಟ್ಟದಾಗಿ ಊದಿ ಸತ್ತವರ ಹೆಸರು ಹಾಳು ಮಾಡೋದು ಬ್ಯಾಡ." ಆಮೇಲೆ ನಮ್ಮೆಲ್ಲರಿಗೂ ಎಂಬಂತೆ, "ಕೂತ್ಕೊಳಿ. ಕಡುಬು ಆರಿ ಹೋಗ್ತಿದೆ."

ತಮ್ಮ ಅಣ್ಣನಾಗಲಿಲ್ಲ. ಅದನ್ನೂ ಸರಿಯಾಗಿ ಹೇಳಬೇಕು. ಅವನು ಊದಿದಾಗ ದಿಬ್ಬಣ ಎಂದೂ ನಿಲ್ಲಲಿಲ್ಲ. ಬದಲಿಗೆ ಸ್ವಲ್ಪ ಬೇಗ ಬೇಗ ನಡೆಯಿತು. ಪುರೋಹಿತರು ಅವನನ್ನು ಬಹಳ ಮೆಚ್ಚುತ್ತಿದ್ದರು. ನಮ್ಮ ಸೆಟ್ಟಿಗೆ ಮದುವೆಗಳು ಮತ್ತೆ ಬಂದವು. ದೊಡ್ಡಮ್ಮ ಇರುವವರೆಗೂ, ಅವನು ಮನೆಯಲ್ಲಿ ಅಭ್ಯಾಸಕ್ಕೆ ಕೂತಾಗ ಅಡುಗೆಮನೆಯಿಂದ, "ಅದಲ್ಲ, ಅದಲ್ಲ, ಅವ್ನು ಅಲ್ಲಿ ಮೇಲೆ ಹೋಗ್ತಿದ್ದ," ಎಂದು ಕೂಗುತ್ತಿದ್ದರು. ಅವನು ಮೇಲೆ ಹೋಗಲು ನೋಡುತ್ತಿದ್ದ. ಒಮ್ಮೊಮ್ಮೆ ಹೋಗುತ್ತಲೂ ಇದ್ದ.

ಆ ಅಮಾವಾಸ್ಯೆಯ ದಿನ ನಡೆದದ್ದನ್ನು ಕಣ್ಣಾರೆ ಕಂಡವರಲ್ಲಿ ದೊಡ್ಡಮ್ಮ ಈಗಿಲ್ಲ, ಮೇಸ್ತ್ರಿಯೂ ಇಲ್ಲ. ದರ್ಜಿ ಇದ್ದಾರೆ, ಸಾಗರದಲ್ಲಿ ಮಗಳ ಮನೆಯಲ್ಲಿ. ಕಣ್ಣು ಮಂದ, ಮಾತು ಸ್ಪಷ್ಟ. ದೊಡ್ಡಮ್ಮನ ತಂಗಿ ತೀರ್ಥಹಳ್ಳಿಯಲ್ಲಿದ್ದಾರೆ, ಬಹಳ ವಯಸ್ಸಾಗಿದೆ. ತಮ್ಮ ಹೊಸನಗರದಲ್ಲಿ ಅದೇ ಮನೆಯಲ್ಲಿದ್ದಾನೆ. ಹೋದರೆ ಊದಿ ತೋರಿಸುತ್ತಾನೆ, ಬೇಡವೆಂದರೂ.